ಮೊದಲ ಅಂಕಿಯ ಹೆಸರು ಲಾಭ

ಮನಗೂಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ನನ್ನ ಅಂಗಡಿಗೆ ಬರುತ್ತಿದ್ದ ಆ ಅಜ್ಜ ಜೀವಮಾನವಿಡೀ ಜೋಳ ಅಳೆದವರು. ಅಳೆಯುವವರು ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ಶುಭವಾಗಲೆಂದು ‘ಲಾಭ’ ಅನ್ನುತ್ತಾರೆ. ಓಟಿಪಿಯನ್ನೂ ಅವರು ಹಾಗೆಯೇ ಓದುತ್ತಿದ್ದರು. ಮೊದಲ ಅಂಕಿ ಯಾವುದೇ ಇರಲಿ, ಕಾಣದ ಸೇರೊಂದನ್ನು ಬಗ್ಗಿಸುತ್ತ “ಲಾಭ...” ಎನ್ನುವರು. ಅದು ಯಾವ ಅಂಕಿಯೆಂದು ನಾನು ಅವರ ಫೋನಿನಲ್ಲಿ ಇಣುಕಿ ನೋಡುತ್ತಿದ್ದೆ.

ಮೊಮ್ಮಗಳ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ಬಂದಾಗ ಅವರ ಬಳಿ ಹೊಸ ಫೋನಿತ್ತು. ಅದರಲ್ಲೇ ಅರ್ಜಿ ತುಂಬಿ, ಓಟಿಪಿ ಮೆಸೇಜಿನ ಕೆಳಗಿದ್ದ ‘ಕಾಪಿ’ ಒತ್ತಿ ಅಂಟಿಸಿದೆ. ಅಂಕಿಗಳು ಒಮ್ಮೆಲೇ ಬಂದು ಕೂತವು.

ಅಜ್ಜ ತಮ್ಮ ಖಾಲಿ ಕೈ ನೋಡಿಕೊಂಡರು. “ಕೂಸಿನ ಹೆಸರು ಬರ್ಯಾಕತ್ತೀರಿ. ಲಾಭ ಅನ್ನಲಾರದ ಹ್ಯಾಂಗ್ರಿ?”

ಅಂಟಿಸಿದ ಅಂಕಿಗಳನ್ನೆಲ್ಲ ಅಳಿಸಿದೆ. “ಹೇಳ್ರಿ, ಅಜ್ಜಾರ.”

ಅವರ ಕೈ ಮೇಲೆದ್ದಿತು. ಎಲ್ಲೋ ಜೋಳ ಸುರಿದಂತಾಯಿತು.

“ಲಾಭ...”

ನಾನು ಏಳನ್ನು ಒತ್ತಿದೆ.