ಒಂದು ಕಣ್ಣು ಮುಚ್ಚದ ಅಳಿಯ

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ನಮ್ಮ ಯಳಂದೂರು ಮೈಸೂರಿಗೆ. ಅವರ ಕಡೆ ಪಾನನಿಷೇಧ, ನಮ್ಮ ಕಡೆ ಹೆಂಡದಂಗಡಿ. ಹಾಗಾಗಿ ಯಳಂದೂರಿನಿಂದ ಬಂದ ಗಂಡಸು ಸ್ವಲ್ಪ ಎಡವಿದರೂ ಆ ಕಡೆಯವರಿಗೆ ಅನುಮಾನ. ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಹೇಳಿದರೆ ಯಾರು ನಂಬುತ್ತಾರೆ?

ಬಾಣಂತನ ಮುಗಿಸಿದ ಹೆಂಡತಿಯನ್ನೂ ಮಗುವನ್ನೂ ಕರೆತರಲು ಕೊಳ್ಳೇಗಾಲದಾಚೆಯ ಮಾವನ ಊರು ಹನೂರಿಗೆ ಹೊರಟಿದ್ದೆ. ದಾರಿಯಲ್ಲಿ ದವಡೆ ಹಲ್ಲು ತಲೆ ಸಿಡಿಯುವಷ್ಟು ನೋಯತೊಡಗಿತು. ಬಸ್ಸು ಬದಲಿಸಲು ಕೊಳ್ಳೇಗಾಲದಲ್ಲಿ ಇಳಿದವನು ಹಲ್ಲಿನ ಡಾಕ್ಟರ ಕೋಣೆಗೆ ನುಗ್ಗಿದೆ. ಅವರು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಸಡು ಒರೆಸಿ, ಇಂಜೆಕ್ಷನ್ ಚುಚ್ಚಿ, ಹಲ್ಲು ಕಿತ್ತರು. ನೋವೇ ಆಗಲಿಲ್ಲ. ಆದರೆ ಬಸ್ಸು ಹತ್ತುವಷ್ಟರಲ್ಲಿ ಎದೆ ಡವಡವ ಎನ್ನುತ್ತಿತ್ತು, ಕಾಲು ನಡುಗುತ್ತಿತ್ತು. ಎಡಗೆನ್ನೆ ಮರಗಟ್ಟಿ ಬಾಯಿ ಸೊಟ್ಟಗಾಗಿತ್ತು. ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ. ಏನು ಚುಚ್ಚಿದ ಪುಣ್ಯಾತ್ಮ? ಇಳಿದು ಹೋಗಿ ಕೇಳೋಣವೆಂದರೆ ಬಸ್ಸು ಹೊರಟೇಬಿಟ್ಟಿತು.

ಯಾವ ಊರಿಗೆ ಎಂದು ಕಂಡಕ್ಟರ್ ಕೇಳಿದ. ಹನೂರು ಎನ್ನಲು ಹೋಗಿ ಏನೋ ತೊದಲಿದೆ. ಅವನು ಮೂಗು ಹತ್ತಿರ ತಂದ.

"ಏನ್ ಸಾ, ಆ ಕಡೇಲೇ ಮುಗಿಸ್ಕಂಡ್ ಬಂದ್ರಾ?"

ಬಸ್ಸಿಗೆ ಬಸ್ಸೇ ನಕ್ಕಿತು.

ಹನೂರಿನಲ್ಲಿ ಮಾವ ಬಾಗಿಲಲ್ಲೇ ತಡೆದರು. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ.

"ಬಾಯ್ ಬುಡಿ ಅಳಿಯಂದ್ರೇ."

ಬಿಟ್ಟೆ. ಮೂಸಿದರು. ಅತ್ತೆಯ ಕಡೆ ತಿರುಗಿದರು. "ಗಬ್ ಅಂತದೆ ಕಣಮ್ಮಿ! ಕುಡುಕನ್ ಜೊತೇಲಿ ಮಗಳ್ನೂ ಕೂಸ್ನೂ ಕಳಿಸ್ಬೇಕಾ? ಆಗಾಕಿಲ್ಲ."

ಹಲ್ಲಿನ ಮದ್ದು ಮಾವ ಎನ್ನಲು ಹೋದೆ. ಜೊಲ್ಲು ಬಂತು, ಮಾತು ಬರಲಿಲ್ಲ.

ಹೆಂಡತಿ ಮಗುವನ್ನೆತ್ತಿಕೊಂಡು ಹೊರಗೆ ಬಂದು ನನ್ನನ್ನೇ ದಿಟ್ಟಿಸಿದಳು. "ಎಲ್ಲಿ, ಎಲ್ಡು ಕಣ್ಣೂ ಮುಚ್ಚಿ ನೋಡಾನ."

ಬಲಗಣ್ಣು ಮುಚ್ಚಿತು. ಎಡಗಣ್ಣು ಅವಳನ್ನೇ ನೋಡುತ್ತಿತ್ತು.

"ಕುಡ್ದೋರ್ ಕಣ್ಣು ಇಂಗಿರಾಕಿಲ್ಲ ಕಣಪ್ಪ. ಇದ್ಯಾಕೋ ಬ್ಯಾರೆ" ಎಂದಳು ಅಪ್ಪನ ಕಡೆ ತಿರುಗಿ.

"ಅಯ್ಯೋ, ಲಕ್ವ ಒಡದದೆ!" ಅತ್ತೆ ಎದೆ ಬಡಿದುಕೊಂಡರು.

ಮಾವ ಇನ್ನೂ ಗಟ್ಟಿಯಾದರು. "ಕುಡುಕ್ರಾಗಿದ್ರೆ ಬಯ್ದು ಬುದ್ಧಿ ಯೋಳ್ಬೋದಾಗಿತ್ತು. ಲಕ್ವದೋರ್ಗೆ ಏನ್ ಯೋಳದು? ಈಗಂತೂ ಕಳಿಸಾಕಿಲ್ಲ."

ಲಕ್ವ ಎಂದ ಮೇಲೆ ನನಗೂ ಭಯವಾಯಿತು. ಜಗಲಿಯಲ್ಲಿ ಕೂತು ಆ ಡಾಕ್ಟರನ್ನು ಮನಸಾರೆ ಬೈದುಕೊಂಡೆ. ಹೊತ್ತು ಇಳಿಯುವಾಗ ಕೆನ್ನೆಯಲ್ಲಿ ಇರುವೆ ಹರಿದಂತಾಯಿತು. ರೆಪ್ಪೆ ಬಡಿಯಿತು, ನಾಲಿಗೆ ತಿರುಗಿತು. ನಡೆದದ್ದನ್ನೆಲ್ಲ ಒದರಿದೆ.

"ಆ ಡಾಕ್ಟ್ರ ಬಾಯಿಂದ್ಲೇ ಕೇಳಾನ, ನಡೀರಿ" ಎಂದರು ಮಾವ.

ಮರುದಿನ ಬೆಳಿಗ್ಗೆ ಹೆಂಡತಿ, ಮಗು, ಮಾವನ ಸಮೇತ ಡಾಕ್ಟರ ಕೋಣೆಯಲ್ಲಿ ನಿಂತಿದ್ದೆವು.

"ಸೂಜಿ ಚೂರು ಹಿಂದಕ್ಕೆ ಹೋದರೆ ಮುಖದ ನರಕ್ಕೂ ಮದ್ದು ತಾಗುತ್ತೆ, ಯಜಮಾನರೇ. ಕೆಲವು ಗಂಟೆಯಷ್ಟೇ. ಎದೆ ಹೊಡೆದುಕೊಳ್ಳೋದೂ ಆ ಮದ್ದಿಂದಲೇ" ಎಂದರು ಡಾಕ್ಟರು, ಏನೂ ಆಗಿಲ್ಲವೆಂಬಂತೆ.

ಮಾವ ಸ್ಪಿರಿಟ್ಟಿನ ಸೀಸೆ ಎತ್ತಿ ಮೂಸಿದರು. "ಇದೇಯಾ ವಾಸ್ನೆ." ನನಗೆ ಜೀವ ಬಂತು. ಅವರು ಮತ್ತೊಮ್ಮೆ ಮೂಸಿದರು. "ಇದ್ನ ಕುಡಿಯೋರೂ ಅವ್ರೆ ಅಂತಾರಲ್ಲಾ, ಡಾಕ್ಟ್ರೇ?"

ಯಳಂದೂರಿನ ಬಸ್ಸಿಗೆ ಮಗಳನ್ನು ಹತ್ತಿಸಿದರು. ಮಾವನ ಕೈಯಲ್ಲಿದ್ದ ಮಗುವಿಗಾಗಿ ನಾನು ಕೈ ಚಾಚಿದೆ. ಮಾವ ಅದನ್ನು ಮಗಳ ಮಡಿಲಲ್ಲಿಟ್ಟು, ನಮ್ಮಿಬ್ಬರ ನಡುವೆ ತಾವೇ ಕೂತುಬಿಟ್ಟರು.

"ನಡೀರಿ. ನಿಮ್ಮೂರ್ಗಂಟ ನಾನೂ ಬತ್ತೀನಿ."