ನರ್ಸಬಾಯಿಯ ಡಬ್ಬಿ

ನಮ್ಮ ದಿಗ್ಗೇವಾಡಿಗೆ ಬರುತ್ತಿದ್ದ ನರ್ಸಬಾಯಿಯ ಬಲಗೈ ಹೆಬ್ಬೆರಳು ಚಪ್ಪಟೆ. ಅದರಿಂದ ಬಸುರಿಯರ ಕಾಲನ್ನು ಒತ್ತಿ ಹಿಡಿಯುತ್ತಿದ್ದಳು. ಬೆರಳು ತೆಗೆದ ಮೇಲೂ ಕುಳಿ ಉಳಿದರೆ, "ಇದು ಮೈ ತುಂಬಿದ್ದಲ್ಲಬೇ, ನೀರು ತುಂಬಿದ್ದು" ಎನ್ನುತ್ತಿದ್ದಳು. ಬಾಯಿ ಬಹಳ ಬಿರುಸು. ಬಿಸಿಲಲ್ಲಿ ನಡೆದು ಬಂದರೂ ಯಾರ ಮನೆಯಲ್ಲೂ ಚಹಾ ಮುಟ್ಟುತ್ತಿರಲಿಲ್ಲ.

ಎಂಬತ್ತೈದನೇ ಇಸವಿಯ ಸುಮಾರು. ಚೊಚ್ಚಲ ಹೆರಿಗೆಗೆ ಬಂದ ನನ್ನ ಮಗಳ ಕಾಲಲ್ಲಿ ಕುಳಿ ಉಳಿಯಿತು. ಬಿ.ಪಿ. ಏರಿತ್ತು. ನರ್ಸಬಾಯಿ ಒಂದು ಡಬ್ಬಿ ಕೊಟ್ಟಳು. ಒಂದು ಹಗಲು, ಒಂದು ರಾತ್ರಿಯ ಮೂತ್ರವೆಲ್ಲ ಅದರಲ್ಲಿ ಹಿಡಿಯಬೇಕು, ಮಿರಜಿನ ದೊಡ್ಡ ದವಾಖಾನೆಗೆ ಕಳಿಸಬೇಕು. ಹೊಟ್ಟೆಯಲ್ಲಿ ಕೂಸು ಚೆನ್ನಾಗಿದ್ದರೆ ತಾಯಿಯ ಮೂತ್ರದಲ್ಲಿ ಒಂದು ಹಾರ್ಮೋನು ಹೆಚ್ಚು ಬರುತ್ತದಂತೆ. ಅದು ಕಡಿಮೆಯಾದರೆ ಕೂಡಲೇ ಹೆರಿಗೆ ಮಾಡಿಸಬೇಕಂತೆ.

"ಒಂದ್ ಹನಿ ಚೆಲ್ಲಿದ್ರ ನಿನ್ನ ಚೆಲ್ತೀನಿ ನೋಡ" ಎಂದಳು.

ಮರುದಿನ ಮಗಳ ಕುಬಸ, ಸೀಮಂತದ ಕಾರ್ಯ. ಮನೆ ತುಂಬ ಬೀಗರು. ನಾಚಿಕೆಪಟ್ಟು ಡಬ್ಬಿಯನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟೆ. ಎಮ್ಮೆ ಒದ್ದು ಉರುಳಿಸಿತು. ಮತ್ತೆ ತುಂಬಿಸೋಣವೆಂದರೆ ಮಗಳಿಗೆ ಮೂತ್ರ ಹನಿಹನಿ. ನರ್ಸಬಾಯಿಯ ಬಾಯಿಗೆ ಹೆದರಿ, ಬಸುರಿಯಾಗಿದ್ದ ಸೊಸೆಯದನ್ನು ತುಂಬಿಸಿ ಕೊಟ್ಟೆ. ಬಸುರಿಯರದೆಲ್ಲ ಒಂದೇ ಅಂದುಕೊಂಡೆ.

ಮಿರಜಿನಿಂದ ಕಾಗದ ಬಂತು. ಕೂಸಿಗೆ ತೊಂದರೆಯಿಲ್ಲ, ಕಾಯಬಹುದು. ನರ್ಸಬಾಯಿ ಮತ್ತೆ ಕಾಲು ಒತ್ತಿದಳು.

"ಕಾಗದ ಚಲೋ ಐತಿ, ಕಾಲ ಚಲೋ ಇಲ್ಲ. ನಾಳೆ ನಾನ ಡಾಕ್ಟರ ಕಡೆ ಕರ್ಕೊಂಡ ಹೊಕ್ಕೀನಿ."

ಆಗಲೂ ನಾನು ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಆಕೆ ಬರುವಷ್ಟರಲ್ಲಿ ಮಗಳಿಗೆ ಫಿಟ್ಸ್ ಬಂದಿತ್ತು. ಕಣ್ಣು ಮೇಲಾಗಿ ನಾಲಿಗೆ ಕಚ್ಚಿಕೊಂಡಿದ್ದಳು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟೆವು. ನಡುದಾರಿಯಲ್ಲಿ ಹೇಳಿಬಿಟ್ಟೆ: "ಬಾಯಾರ, ಡಬ್ಬ್ಯಾಗಿಂದು ಸೊಸಿದ್ರಿ."

ಬೈಯಲಿಲ್ಲ. "ಆಕಿನ್ನ ಮಗ್ಗಲಕ್ಕ ಹೊಳ್ಳಿಸಿ ಹಿಡಿ" ಎಂದಳಷ್ಟೆ.

ಮಗಳು ಉಳಿದಳು. ಕೂಸು ಸತ್ತು ಹುಟ್ಟಿತು. ಡಾಕ್ಟರು ಕಾಗದ ಹಿಡಿದು ಇದು ಹೇಗೆ ತಪ್ಪಿತೆಂದು ಕೇಳಿದಾಗ ನರ್ಸಬಾಯಿ ನನಗಿಂತ ಮುಂದೆ ಬಂದು, "ಡಬ್ಬಿ ನಾನ ಅದಲಬದಲ ಮಾಡೇನ್ರಿ" ಎಂದಳು. ಅಳಿಯ ಬಾಯಿಗೆ ಬಂದದ್ದೆಲ್ಲ ಬೈದ. ಆಕೆಯನ್ನು ಬೇರೆ ಊರಿಗೆ ಎತ್ತಿಹಾಕಿದರು.

ಹೋಗುವ ದಿನ ಕೇಳಿದೆ, "ಯಾಕ್ರಿ ಬಾಯಾರ?"

"ಬಾಣಂತನ ನೀನ ಮಾಡಬೇಕಲ್ಲ. ಗೊತ್ತಾದ್ರ ಆಕಿ ನಿನ್ನ ಕೈಯಾಗಿನ ಗಂಜಿ ಕುಡೀತಾಳೇನು?"

ಮಗಳು ಗಂಜಿ ಕುಡಿದಳು, ಬದುಕಿದಳು. ಈಗ ನಾನು ಅವಳ ಮನೆಯಲ್ಲೇ ಇದ್ದೇನೆ.

ನರ್ಸಬಾಯಿ ಸದಲಗಾದಲ್ಲಿ ತೀರಿಕೊಂಡಳೆಂದು ಮೊನ್ನೆ ಸುದ್ದಿ ಬಂತು. ರೊಟ್ಟಿ ಬಡಿಯುತ್ತಿದ್ದ ಮಗಳು, "ನನ್ನ ಕೂಸಿನ್ನ ತಿಂದಾಕಿ. ಹೋಗ್ಲಿ, ಚಲೋ ಆತು" ಎಂದಳು. ನನ್ನ ಬಾಯಿ ಮತ್ತೆ ಏಳಲಿಲ್ಲ.

ಅದಕ್ಕೇ ಅಕ್ಷರ ಕೂಡಿಸಿ ಕೂಡಿಸಿ ಇದನ್ನು ಬರೆದಿದ್ದೇನೆ. ಮಗಳಿಗೆ ಓದಲು ಬರುತ್ತದೆ. ಓದಿದ ಮೇಲೆ ನನಗೆ ರೊಟ್ಟಿ ಹಾಕುವುದು, ಬಿಡುವುದು ಅವಳಿಗೆ ಬಿಟ್ಟದ್ದು.