ಲೈಬ್ರರಿಯಿಂದ ಹೊರಬಿದ್ದ ಮಾಳಮ್ಮ

ಕಳೆದ ಸೆಮಿಸ್ಟರ್ ಶುರುವಿನಲ್ಲಿ, ತೆಲುಗು ಗಡಿಯ ನಾರಾಯಣಪೇಟೆಯ ನಮ್ಮ ಕಾಲೇಜಿನ ಲೈಬ್ರರಿಯಿಂದ ಒಬ್ಬ ಹುಡುಗಿಯನ್ನು ಹೊರಗೆ ಕಳಿಸಿದರು. ಮಾಡಿದ ತಪ್ಪು? ಓದಿದ್ದು. ಜೋರಾಗಿ.

ಹುಡುಗಿಯ ಹೆಸರು ಮಾಳಮ್ಮ, ಉಟ್ಕೂರಿನ ಕುರಿಗಾರರ ಮನೆಯವಳು. ಮಕ್ತಲ್ ಬಸ್ಸಿಳಿದು ಕ್ಲಾಸಿಗೆ ಹೊರಟಿದ್ದ ನನಗೆ ಲೈಬ್ರರಿಯ ಮೆಟ್ಟಿಲ ಮೇಲೆ ಸಿಕ್ಕಳು. (ನಾನು ಅಲ್ಲಿ ಪಾಠ ಹೇಳುವವಳು.) ಬಾಟನಿಯಲ್ಲಿ ಫೇಲಾಗಿದ್ದಳು.

“ದಿನಾ ಓದ್ತೀನ್ರಿ ಮೇಡಂ. ಪುಸ್ತಕ ಮುಚ್ಚಿದ್ರ ತಲಿಯಾಗ ಏನೂ ಉಳಿಯಂಗಿಲ್ರಿ. ಈ ಸಾರಿನೂ ಫೇಲಾದ್ರ ಮನ್ಯಾಗ ಕಾಲೇಜ್ ಬಿಡಸ್ತಾರ್ರಿ.”

ಪುಸ್ತಕ ನೋಡಿದೆ. ಹಳದಿ ಬಣ್ಣ ಬಳಿಯದ ಸಾಲೇ ಇರಲಿಲ್ಲ. ಎಲ್ಲವೂ ಮುಖ್ಯವಾದರೆ ಯಾವುದು ಮುಖ್ಯ?

ಪುಸ್ತಕ ಮುಚ್ಚಿಸಿ ಕೇಳಿದೆ. “ಬೇರಿನ ನೀರು ಎಲೆಗೆ ಹೇಗೆ ಏರುತ್ತದೆ, ಹೇಳು.”

“ಇಂಗ್ಲಿಷಿನ್ಯಾಗ ಬರಂಗಿಲ್ರಿ.”

“ಕನ್ನಡದಲ್ಲೇ ಹೇಳು.”

“ಎಲಿಯಾಗಿಂದ ನೀರು ಆವಿ ಆಗಿ ಹೋಗತೈತ್ರಿ. ಹೋಗಾಗ ಹಿಂದಿನ ನೀರನ್ನ ಎಳಕೊಂತ...” ಅಲ್ಲಿಗೆ ನಿಂತಳು.

ನಿಂತಲ್ಲಿ ಮಾತ್ರ ಪುಸ್ತಕ ತೆರೆ ಎಂದೆ. ಓದಬೇಕಾದದ್ದು ಅಷ್ಟೇ. ಉಳಿದದ್ದು ಅವಳಿಗೆ ಗೊತ್ತಿತ್ತು, ಗೊತ್ತಿದೆ ಎನ್ನುವುದೇ ಗೊತ್ತಿರಲಿಲ್ಲ!

ಆಮೇಲೆ, ಇವಳು ಬಾಯಿಬಿಟ್ಟು ಹೇಳಿಕೊಂಡು ಕಲಿಯಲು ಜಾಗ ಕೊಡಿ ಎಂದು ಲೈಬ್ರರಿಯನ್ ಹತ್ತಿರ ಹೋದೆ. “ಇದು ಲೈಬ್ರರಿ ಐತ್ರಿ ಮೇಡಂ, ಸಂತಿ ಅಲ್ಲ” ಎಂದರು. ಅವರ ಮಾತೂ ನ್ಯಾಯವೇ. ಕೊನೆಗೆ ಮಧ್ಯಾಹ್ನ ಖಾಲಿ ಬಿದ್ದಿರುವ, ದಿನಪತ್ರಿಕೆ ಓದುವ ಪೇಪರ್ ರೂಮಿಗೆ ಒಪ್ಪಿದರು. “ದನಿ ಹೊರಗ ಬಂದ್ರ ಬಂದ್ ಮಾಡಸ್ತೀನ್ರಿ” ಎಂಬ ಷರತ್ತಿನ ಮೇಲೆ.

ಮಾಳಮ್ಮನ ಜೊತೆಗೆ ಹಾಸ್ಟೆಲ್ಲಿನ ಸುಜಾತಾ ಸೇರಿದಳು. ಗದ್ವಾಲದ ನೇಕಾರರ ಮನೆಯವಳು, ಕನ್ನಡ ತಿಳಿದರೂ ಬಾಯಿಗೆ ಬರುವುದು ತೆಲುಗು. ಮಾಳಮ್ಮ ಕನ್ನಡದಲ್ಲಿ ವಿವರಿಸಬೇಕು, ಸುಜಾತಾ ಸಾಲುಸಾಲಿಗೂ “ಎಂದುಕು?” ಅನ್ನಬೇಕು. (ಯಾಕೆ ಅಂತ.) ಉತ್ತರ ಹೊಳೆಯದಿದ್ದರೆ ಪುಸ್ತಕ. ಹೊಳೆದರೆ ಅದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯುವುದು. ಮೊದಮೊದಲು ಮಾಳಮ್ಮ ಅತ್ತದ್ದೂ ಉಂಟು. ಬಿಡಲಿಲ್ಲ.

ಕಳೆದ ವಾರ ರಿಸಲ್ಟ್ ಬಂತು. ಪಾಸ್. ಅಭಿನಂದಿಸೋಣವೆಂದು ಪೇಪರ್ ರೂಮಿಗೆ ಹೋದರೆ, ಅಲ್ಲಿ ಜೂನಿಯರ್ ಹುಡುಗಿಯರ ನಡುವೆ ಮಾಳಮ್ಮನ ಪಾಠ ನಡೆದಿತ್ತು. ದನಿ ವರಾಂಡದವರೆಗೆ ಬರುತ್ತಿತ್ತು. ಬಾಗಿಲಲ್ಲಿ ಲೈಬ್ರರಿಯನ್ ನಿಂತಿದ್ದರು. ಇವತ್ತಿಗೆ ಬಂದ್ ಅಂದುಕೊಂಡೆ.

“ಸುಮ್ನ ನಿಂದರ್ರಿ ಮೇಡಂ,” ಎಂದರು ಮೆಲ್ಲಗೆ. “ನನಗೂ ಈಗ ತಿಳಿಯಾಕತ್ತೈತಿ.”

ಬಾಯಿ ಮುಚ್ಚಿ ಕೂತವರೆಲ್ಲ ಓದುತ್ತಿದ್ದಾರೆ ಎಂದು ನಮಗೆ ಹೇಳಿದವರು ಯಾರು?